ಸಾಲದ ಭಯ, ಬಾಕಿಯ ವಾಸ್ತವ: ರಾಜ್ಯದ ಖಜಾನೆಯ ಬಗ್ಗೆ ಒಂದು ಉತ್ತರ

ಪ್ರಶ್ನೆ: ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ನನ್ನದು ಸಿಮೆಂಟ್, ಕಬ್ಬಿಣ, ಪೈಪಿನ ಅಂಗಡಿ. ತಂದೆಯ ಕಾಲದಿಂದ ನಡೆದು ಬಂದಿದೆ. ನನ್ನ ವ್ಯಾಪಾರದ ಅರ್ಧ ಭಾಗ ಸರ್ಕಾರಿ ಕಾಮಗಾರಿ ಮಾಡುವ ಸಣ್ಣ ಗುತ್ತಿಗೆದಾರರ ಜೊತೆ. ಅವರು ಉದ್ರಿ ತೆಗೆದುಕೊಂಡು ಹೋಗುತ್ತಾರೆ. ಬಿಲ್ ಆಗಿಲ್ಲ, ಎಲ್‌ಒಸಿ (ಇಲಾಖೆಗೆ ಹಣ ಬಿಡುಗಡೆ ಮಾಡುವ ಪತ್ರ) ಬಂದಿಲ್ಲ ಎನ್ನುತ್ತಾರೆ. ವರ್ಷ ದಾಟಿದ ಬಾಕಿಯೂ ನನ್ನ ಪುಸ್ತಕದಲ್ಲಿದೆ. ಆದರೆ ಪಕ್ಕದ ಕಿರಾಣಿ ಅಂಗಡಿಯವರು ಗೃಹಲಕ್ಷ್ಮಿ ಹಣ ಬಂದಾಗಿನಿಂದ ವ್ಯಾಪಾರ ಚೆನ್ನಾಗಿದೆ ಎನ್ನುತ್ತಾರೆ. ಪ್ರತಿ ಕನ್ನಡಿಗನ ತಲೆಯ ಮೇಲೆ ಒಂದು ಲಕ್ಷಕ್ಕಿಂತ ಹೆಚ್ಚು ಸಾಲವಿದೆ, ರಾಜ್ಯ ಶ್ರೀಲಂಕಾ ಆಗುತ್ತದೆ, ಬ್ಯಾಂಕಿನಲ್ಲಿಟ್ಟ ಠೇವಣಿಯೂ ಉಳಿಯುವುದಿಲ್ಲ ಎಂಬ ಸಂದೇಶಗಳು ಮೊಬೈಲಿಗೆ ದಿನವೂ ಬರುತ್ತವೆ. ಆದಾಯಕ್ಕಿಂತ ಹೆಚ್ಚು ಖರ್ಚು ಮಾಡಿದ ಮನೆ ಮುಳುಗುತ್ತದೆ ಎಂದಾದರೆ ಸರ್ಕಾರ ಏಕೆ ಮುಳುಗುವುದಿಲ್ಲ? ಗ್ಯಾರಂಟಿಗಳನ್ನು ನಿಲ್ಲಿಸಿದರೆ ಎಲ್ಲ ಸರಿಹೋಗುತ್ತದೆಯೇ? ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮತ್ತು ಊರಿನ ಒಂದು ಸೌಹಾರ್ದ ಸಹಕಾರಿಯಲ್ಲಿ ನನ್ನ ಠೇವಣಿ ಇದೆ. ಮಗ ಸಾಲ ತೆಗೆದು ಗೋದಾಮು ದೊಡ್ಡದು ಮಾಡೋಣ ಎನ್ನುತ್ತಿದ್ದಾನೆ. ಧೈರ್ಯ ಸಾಲುತ್ತಿಲ್ಲ.

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಭಯಗಳು ಒಂದಕ್ಕೊಂದು ಹೆಣೆದುಕೊಂಡಿವೆ: ರಾಜ್ಯ ದಿವಾಳಿಯಾಗುವ ಭಯ, ಠೇವಣಿಯ ಭಯ, ಬಾಕಿ ಬಾರದ ಭಯ, ಇವುಗಳ ನಡುವೆ ಹೊಸ ಸಾಲ ಮಾಡುವ ಭಯ. ಸರ್ಕಾರಿ ಲೆಕ್ಕಪತ್ರದ ಕೆಲಸದಲ್ಲೇ ವೃತ್ತಿ ಕಳೆದವಳು ನಾನು. ಇವುಗಳಲ್ಲಿ ಯಾವುದಕ್ಕೆ ಹೆದರಬೇಕು ಎಂದು ಕೇಳಿದರೆ, ನೀವು ಎಲ್ಲಕ್ಕಿಂತ ಕಡಿಮೆ ಮಾತಿನಲ್ಲಿ ಬರೆದಿರುವ ಉದ್ರಿ ಬಾಕಿಯತ್ತ ಬೆರಳು ತೋರಿಸುತ್ತೇನೆ. ಭಾರತದಲ್ಲಿ ರಾಜ್ಯ ಸರ್ಕಾರವೊಂದು ಹಣಕಾಸಿನ ಕಷ್ಟಕ್ಕೆ ಸಿಕ್ಕಾಗ ದಿವಾಳಿ ಎಂದು ಬಾಗಿಲು ಹಾಕುವುದಿಲ್ಲ. ಅದು ತಡ ಮಾಡುತ್ತದೆ. ಬಿಲ್ ತಡ, ನೇಮಕಾತಿ ತಡ, ರಸ್ತೆ ದುರಸ್ತಿ ತಡ, ಕಾಲುವೆ ಕೆಲಸ ತಡ. ಆ ವಿಳಂಬ ಯಾವ ಸುದ್ದಿಯ ತಲೆಬರಹದಲ್ಲೂ ಸಾಲ ಎಂದು ಕಾಣುವುದಿಲ್ಲ. ನಿಮ್ಮಂಥವರ ಪುಸ್ತಕದಲ್ಲಿ ಕಾಣುತ್ತದೆ.

ಮೊದಲು ತಲೆಯ ಮೇಲಿನ ಸಾಲದ ಮಾತು. 2025-26ರ ರಾಜ್ಯ ಆಯವ್ಯಯದ ಗಾತ್ರ 4,09,549 ಕೋಟಿ ರೂಪಾಯಿ. ಆ ವರ್ಷದ ಕೊನೆಗೆ ರಾಜ್ಯದ ಒಟ್ಟು ಹೊಣೆಗಾರಿಕೆ 7,64,655 ಕೋಟಿ ಆಗುತ್ತದೆ ಎಂದು ಸರ್ಕಾರವೇ ಅಂದಾಜು ಮಾಡಿದೆ. ಸುಮಾರು ಆರೂಮುಕ್ಕಾಲು ಕೋಟಿ ಜನರಿಗೆ ಭಾಗಿಸಿದರೆ ತಲಾ ಒಂದು ಲಕ್ಷ ದಾಟುತ್ತದೆ. ಸಂದೇಶದಲ್ಲಿ ಬಂದ ಸಂಖ್ಯೆ ಸುಳ್ಳಲ್ಲ. ಆದರೆ ಅದೇ ಜನ ಒಂದು ವರ್ಷದಲ್ಲಿ ಉತ್ಪಾದಿಸುವ ಸರಕು, ಸೇವೆಗಳ ಮೌಲ್ಯವನ್ನು ಅದು ಬಿಟ್ಟಿದೆ. ಅದು ಸುಮಾರು 30.7 ಲಕ್ಷ ಕೋಟಿ, ತಲೆಗೆ ನಾಲ್ಕೂವರೆ ಲಕ್ಷ ರೂಪಾಯಿ. ಸಾಲ ಈ ಮೌಲ್ಯದ ಶೇ 24.91. ಕೇಂದ್ರ ಸರ್ಕಾರದ ಸಾಲ ದೇಶದ ಒಟ್ಟು ಉತ್ಪನ್ನದ ಶೇ 56ರಷ್ಟಿದೆ. ಕೇಂದ್ರಕ್ಕೆ ರಾಜಸ್ವವಾಗಿ (ತೆರಿಗೆ, ಶುಲ್ಕದಂಥ, ಸಾಲವಲ್ಲದ ಆದಾಯವಾಗಿ) ಬರುವ ಪ್ರತಿ ನೂರು ರೂಪಾಯಿಯಲ್ಲಿ 37 ರೂಪಾಯಿ ಬಡ್ಡಿಗೇ ಹೋಗುತ್ತದೆ ಎಂಬುದು 2025-26ರ ಕೇಂದ್ರ ಬಜೆಟ್‌ನ ಅಂಕಿಗಳಿಂದಲೇ ಹೊರಡುವ ಲೆಕ್ಕ. ಒಂದು ರಾಜ್ಯವಾಗಿ ನಮ್ಮ ಸ್ಥಿತಿ ಅಷ್ಟು ಬಿಗಿಯಾಗಿಲ್ಲ.

‘ಸರ್ಕಾರ 2025-26ರಲ್ಲಿ 1,16,000 ಕೋಟಿ ಸಾಲ ಮಾಡುತ್ತಿದೆ’ ಎಂಬ ಸುದ್ದಿಯನ್ನೂ ನೀವು ನೋಡಿರುತ್ತೀರಿ. ಅದರಲ್ಲಿ 26,474 ಕೋಟಿ ಹಳೆಯ ಸಾಲದ ಅಸಲು ತೀರಿಸಲು ಹೋಗುತ್ತದೆ. ಹೊಸದಾಗಿ ಸೇರುವ ಭಾರವನ್ನು ಅಳೆಯುವುದು ವಿತ್ತೀಯ ಕೊರತೆ. ಅದು 90,428 ಕೋಟಿ.

ಇನ್ನು ಮನೆಯ ಹೋಲಿಕೆ. ಅದರಲ್ಲಿ ಅರ್ಧ ಸತ್ಯವಿದೆ. ನಿಮ್ಮ ಮನೆ ಖರ್ಚು ಕಡಿತ ಮಾಡಿದರೆ ನಿಮ್ಮ ಅಂಗಡಿಯ ಆದಾಯ ಕಡಿಮೆಯಾಗುವುದಿಲ್ಲ. ಸರ್ಕಾರ ಖರ್ಚು ಕಡಿತ ಮಾಡಿದರೆ ಅದರ ಆದಾಯವೂ ಕುಗ್ಗುತ್ತದೆ, ಏಕೆಂದರೆ ಸರ್ಕಾರದ ಖರ್ಚು ಇನ್ನೊಬ್ಬರ ಸಂಪಾದನೆ, ಆ ಸಂಪಾದನೆಯ ಮೇಲೆಯೇ ತೆರಿಗೆ ಬರಬೇಕು. ಅದಕ್ಕಾಗಿಯೇ ಜನರೆಲ್ಲ ಕೈಬಿಗಿ ಹಿಡಿದ ಹೊತ್ತಿನಲ್ಲಿ ಸರ್ಕಾರ ಕೈಬಿಚ್ಚಬೇಕಾಗುತ್ತದೆ. ಕೋವಿಡ್ ವರ್ಷ 2020-21ರಲ್ಲಿ ದೇಶದ ಉತ್ಪನ್ನ ಶೇ 5.8ರಷ್ಟು ಕುಸಿಯಿತು, ಕೇಂದ್ರದ ಕೊರತೆ ಉತ್ಪನ್ನದ ಶೇ 9.2ಕ್ಕೆ ಏರಿತು. ಕರ್ನಾಟಕ ತನ್ನ ವಿತ್ತೀಯ ಹೊಣೆಗಾರಿಕೆ ಕಾಯ್ದೆಗೆ ತಿದ್ದುಪಡಿ ತಂದು ಕೊರತೆಯ ಮಿತಿಯನ್ನು ಆ ವರ್ಷಕ್ಕೆ ಶೇ 3ರಿಂದ ಶೇ 5ಕ್ಕೆ ಸಡಿಲಿಸಿತು. ಅಂದು ಹಳೆಯ ಮಿತಿಗೇ ಅಂಟಿಕೊಂಡಿದ್ದರೆ ಆಸ್ಪತ್ರೆಗಳಿಗೆ, ಪಡಿತರಕ್ಕೆ, ಸಂಬಳಕ್ಕೆ ಕತ್ತರಿ ಬೀಳುತ್ತಿತ್ತು. ಆ ಸಾಲವನ್ನು ನಾನು ಇಂದಿಗೂ ಸಮರ್ಥಿಸುತ್ತೇನೆ.

ಆದರೆ ಕೈಬಿಚ್ಚಿದವರು ಮತ್ತೆ ಬಿಗಿ ಹಿಡಿಯಲು ತಡಮಾಡಿದರೆ ಏನಾಗುತ್ತದೆ ಎಂಬುದಕ್ಕೂ ನಮ್ಮ ದೇಶದ್ದೇ ಪಾಠವಿದೆ. 2007-08ರಲ್ಲಿ ಕೇಂದ್ರದ ಕೊರತೆ ಶೇ 2.5 ಇತ್ತು. ಜಾಗತಿಕ ಬಿಕ್ಕಟ್ಟು ಬಂದಾಗ ತೆರಿಗೆ ಇಳಿಸಿ ಖರ್ಚು ಏರಿಸಿದರು. ಎರಡೇ ವರ್ಷದಲ್ಲಿ ಅದು ಶೇ 6ನ್ನು ದಾಟಿತು. ಆರ್ಥಿಕತೆ ಬೇಗ ಚೇತರಿಸಿಕೊಂಡಿತು. ಖರ್ಚು ಮಾತ್ರ ಅಷ್ಟು ಬೇಗ ಇಳಿಯಲಿಲ್ಲ. ಮುಂದಿನ ವರ್ಷಗಳಲ್ಲಿ ಚಿಲ್ಲರೆ ಬೆಲೆಗಳು ವರ್ಷಕ್ಕೆ ಶೇ 10ರ ಆಸುಪಾಸಿನಲ್ಲಿ ಏರಿದವು. 2009ರಲ್ಲಿ ಶೇ 4.75ಕ್ಕೆ ಇಳಿದಿದ್ದ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿದರವನ್ನು, ರಿಸರ್ವ್ ಬ್ಯಾಂಕ್ 2011ರ ಅಕ್ಟೋಬರ್ ಹೊತ್ತಿಗೆ ಶೇ 8.5ಕ್ಕೆ ಒಯ್ದಿತು. 2013ರ ಆಗಸ್ಟ್‌ನಲ್ಲಿ ರೂಪಾಯಿ ಡಾಲರ್‌ಗೆ 68ನ್ನು ದಾಟಿ ಕುಸಿಯಿತು. ಎಲ್ಲಕ್ಕೂ ಕೊರತೆಯೊಂದೇ ಕಾರಣವಲ್ಲ, ಕಚ್ಚಾ ತೈಲದ ಬೆಲೆಯೂ ಇತ್ತು. ಆದರೂ ಆ ವರ್ಷಗಳಲ್ಲಿ ಬ್ಯಾಂಕ್ ಸಾಲದಲ್ಲಿ ವ್ಯಾಪಾರ ಮಾಡಿದವರಿಗೆ ಸರ್ಕಾರದ ಕೊರತೆ ಬಡ್ಡಿಯ ರೂಪದಲ್ಲಿ ಹೇಗೆ ಮನೆಬಾಗಿಲಿಗೆ ಬರುತ್ತದೆ ಎಂಬುದು ನೆನಪಿರುತ್ತದೆ.

ಶ್ರೀಲಂಕಾದ ಮಾತಿಗೆ ಬರುತ್ತೇನೆ. ಅಲ್ಲಿ 2019ರ ಕೊನೆಯಲ್ಲಿ ಮೌಲ್ಯವರ್ಧಿತ ತೆರಿಗೆಯನ್ನು ಶೇ 15ರಿಂದ ಶೇ 8ಕ್ಕೆ ಇಳಿಸಿದರು. ಬೆನ್ನಲ್ಲೇ ಕೋವಿಡ್ ಬಂದು ಪ್ರವಾಸೋದ್ಯಮ ನಿಂತಿತು. 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದು ನಿಷೇಧಿಸಿ ಬೆಳೆಯನ್ನೂ ಕಳೆದುಕೊಂಡರು. ಆದರೆ ಮುಳುಗಿಸಿದ್ದು ಡಾಲರ್ ಸಾಲ. ಡಾಲರನ್ನು ಕೊಲಂಬೊದಲ್ಲಿ ಮುದ್ರಿಸಲಾಗುವುದಿಲ್ಲ. ವಿದೇಶಿ ವಿನಿಮಯ ಬರಿದಾದಾಗ 2022ರ ಏಪ್ರಿಲ್‌ನಲ್ಲಿ ವಿದೇಶಿ ಸಾಲದ ಮರುಪಾವತಿ ನಿಲ್ಲಿಸಿದರು. ಭಾರತವೂ 1991ರಲ್ಲಿ ಅದೇ ಅಂಚಿಗೆ ಹೋಗಿ, ಸುಮಾರು 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ನಲ್ಲಿ ಒತ್ತೆ ಇಟ್ಟು ಪಾರಾಗಿತ್ತು. ಕೇಂದ್ರದ ಕೊರತೆ ಆಗ ಶೇ 8ರ ಸುತ್ತಮುತ್ತ ಇತ್ತು.

ಕರ್ನಾಟಕಕ್ಕೆ ಆ ದಾರಿಯೇ ಮುಚ್ಚಿದೆ. ಸಂವಿಧಾನದ 293ನೇ ವಿಧಿಯ ಪ್ರಕಾರ ರಾಜ್ಯ ಭಾರತದೊಳಗೆ ಮಾತ್ರ ಸಾಲ ಎತ್ತಬಹುದು. ಕೇಂದ್ರದ ಸಾಲ ಬಾಕಿ ಇರುವ ರಾಜ್ಯ ಹೊಸ ಸಾಲಕ್ಕೆ ಕೇಂದ್ರದ ಒಪ್ಪಿಗೆ ಪಡೆಯಲೇಬೇಕು. ವಿಶ್ವಬ್ಯಾಂಕ್‌ನಂಥ ಸಂಸ್ಥೆಗಳ ಹಣವೂ ಕೇಂದ್ರದ ಮೂಲಕವೇ ಬರುತ್ತದೆ. ರಾಜ್ಯದ ಹೆಚ್ಚಿನ ಸಾಲ ರೂಪಾಯಿಯಲ್ಲಿ, ರಿಸರ್ವ್ ಬ್ಯಾಂಕ್ ನಡೆಸುವ ಹರಾಜಿನಲ್ಲಿ ಮಾರಾಟವಾದ ಸಾಲಪತ್ರಗಳ ರೂಪದಲ್ಲಿದೆ. ಅವುಗಳನ್ನು ಕೊಳ್ಳುವವರು ಬ್ಯಾಂಕುಗಳು, ವಿಮಾ ಕಂಪನಿಗಳು, ಭವಿಷ್ಯ ನಿಧಿಗಳು. ಅಂದರೆ ನಿಮ್ಮ ಠೇವಣಿಯ, ವಿಮಾ ಕಂತಿನ ಒಂದು ಚೂರು ಈ ಸರ್ಕಾರಕ್ಕೋ ಇನ್ನೊಂದಕ್ಕೋ ಸಾಲವಾಗಿಯೇ ಹೋಗಿದೆ. ತಲೆಯ ಮೇಲೆ ಸಾಲವಿದೆ ಎಂದು ಹೆದರಿಸುವ ಸಂದೇಶ, ಸಾಲ ಕೊಟ್ಟವರಲ್ಲೂ ನೀವಿದ್ದೀರಿ ಎಂಬುದನ್ನು ಹೇಳುವುದಿಲ್ಲ. ಅದು ಸಮಾಧಾನದ ಮಾತಷ್ಟೇ ಅಲ್ಲ. ಜನರ ಉಳಿತಾಯ ಒಂದು ಮಿತಿಯಲ್ಲಿದೆ. ಸರ್ಕಾರಗಳು ಅದರಲ್ಲಿ ದೊಡ್ಡ ಪಾಲು ಎತ್ತಿಕೊಂಡಷ್ಟೂ ನಿಮ್ಮ ಮಗನ ಗೋದಾಮಿಗೆ ಸಿಗುವ ಸಾಲ ದುಬಾರಿಯಾಗುತ್ತದೆ.

ಹಾಗಾದರೆ ಕಷ್ಟಕ್ಕೆ ಸಿಕ್ಕ ರಾಜ್ಯ ಹೇಗಿರುತ್ತದೆ? 2024ರ ಸೆಪ್ಟೆಂಬರ್‌ನಲ್ಲಿ ಹಿಮಾಚಲ ಪ್ರದೇಶವು ನೌಕರರಿಗೆ ತಿಂಗಳ ಮೊದಲ ದಿನ ಕೊಡುವ ಸಂಬಳವನ್ನು 5ರಂದು, ಪಿಂಚಣಿಯನ್ನು 10ರಂದು ಕೊಟ್ಟಿತು. ಸಾಲದ ಮಿತಿಯ ವಿಚಾರವಾಗಿ ಕೇರಳ ಕೇಂದ್ರದ ವಿರುದ್ಧ ಸುಪ್ರೀಂ ಕೋರ್ಟಿಗೇ ಹೋಯಿತು. ಸಾಲಪತ್ರದ ಬಡ್ಡಿ ಒಂದು ದಿನವೂ ತಪ್ಪುವುದಿಲ್ಲ, ಹಣ ರಿಸರ್ವ್ ಬ್ಯಾಂಕಿನಲ್ಲಿರುವ ರಾಜ್ಯದ ಖಾತೆಯಿಂದಲೇ ಕಳೆಯುತ್ತದೆ. ತಡವಾಗುವುದು ಸಂಬಳ, ಅದಕ್ಕೂ ಮೊದಲು ಗುತ್ತಿಗೆದಾರರ ಬಿಲ್, ಅದಕ್ಕೂ ಮೊದಲು ಯಾರೂ ಕೂಗೆಬ್ಬಿಸದ ನಿರ್ವಹಣೆಯ ಖರ್ಚು. ಈ ಸರತಿಯಲ್ಲಿ ಕಡೆಯಲ್ಲಿ ನಿಂತವರು ನಿಮ್ಮಂಥ ಸಾಮಗ್ರಿ ಅಂಗಡಿಯವರು, ನಿಮ್ಮ ಹಿಂದೆ ಗಾರೆಯವರು ಮತ್ತು ಕೂಲಿಯವರು.

ಕಾಮಗಾರಿ ಬಿಲ್‌ಗಳು ಏಕೆ ಹೀಗೆ ಗುಡ್ಡೆಯಾಗುತ್ತವೆ ಎಂಬುದನ್ನು ನಾನು ಒಳಗಿನಿಂದ ನೋಡಿದ್ದೇನೆ. ಇದು ಒಂದು ಪಕ್ಷದ, ಒಂದು ಅವಧಿಯ ಕಾಯಿಲೆಯಲ್ಲ. ಇಲಾಖೆಗೆ ಈ ವರ್ಷ ಸಿಗುವ ಅನುದಾನ ಇಷ್ಟು ಎಂದು ಗೊತ್ತಿದ್ದರೂ ಅದರ ಹಲವು ಪಟ್ಟು ಮೊತ್ತದ ಕಾಮಗಾರಿಗಳಿಗೆ ಆಡಳಿತಾತ್ಮಕ ಅನುಮೋದನೆ ಕೊಡುತ್ತಾರೆ. ಪ್ರತಿ ಶಾಸಕರಿಗೂ ತಮ್ಮ ಕ್ಷೇತ್ರದಲ್ಲಿ ಭೂಮಿಪೂಜೆ ಬೇಕು. ಟೆಂಡರ್ ಆಗುತ್ತದೆ, ಕೆಲಸ ಶುರುವಾಗುತ್ತದೆ, ಬಿಲ್ ಬರುತ್ತದೆ, ಹಣ ಇರುವುದಿಲ್ಲ. ಮುಂದಿನ ವರ್ಷದ ಅನುದಾನದ ದೊಡ್ಡ ಪಾಲು ಹಿಂದಿನ ಬಾಕಿಗೆ ಹೋಗುತ್ತದೆ. ಜ್ಯೇಷ್ಠತೆಯ ಪ್ರಕಾರ ಬಿಲ್ ಪಾವತಿಸಿ ಎಂದು ಗುತ್ತಿಗೆದಾರರು ಕೇಳುತ್ತಲೇ ಇರುವುದು ಇದಕ್ಕೇ. ಹೀಗೆ ಬಾಕಿ ಉಳಿದದ್ದೂ ಸಾಲವೇ. ವ್ಯತ್ಯಾಸವಿಷ್ಟೇ: ಸಾಲಪತ್ರ ಕೊಂಡ ಬ್ಯಾಂಕಿಗೆ ಬಡ್ಡಿ ಸಿಗುತ್ತದೆ, ನಿಮಗೆ ಸಿಗುವುದಿಲ್ಲ. ವಿತ್ತೀಯ ಕೊರತೆಯ ಅಂಕಿಯಲ್ಲೂ ಅದು ಕಾಣುವುದಿಲ್ಲ, ಏಕೆಂದರೆ ನಮ್ಮ ಸರ್ಕಾರಿ ಲೆಕ್ಕ ನಗದು ಲೆಕ್ಕ. ಹಣ ಹೊರಹೋದ ದಿನವೇ ಖರ್ಚು. ಕೊರತೆ ಶೇ 2.95, ಮಿತಿಯೊಳಗಿದೆ ಎಂದು ಓದಿದಾಗ ನನಗೆ ಪೂರ್ತಿ ನೆಮ್ಮದಿ ಬಾರದಿರುವುದು ಇದೇ ಕಾರಣಕ್ಕೆ.

ತಡದ ಬೆಲೆ ನಿಮ್ಮ ಜಿಲ್ಲೆಗೆ ಬೇರೆಯವರು ಹೇಳಬೇಕಿಲ್ಲ. ಭದ್ರಾ ಮೇಲ್ದಂಡೆ ಯೋಜನೆಯ ಅಂದಾಜು 2015ರಲ್ಲಿ 12,340 ಕೋಟಿ ಇದ್ದದ್ದು 2020ರ ಪರಿಷ್ಕರಣೆಯಲ್ಲಿ 21,473 ಕೋಟಿ ಆಯಿತು. 2023-24ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ನೆರವು ಘೋಷಣೆಯಾಯಿತು. ಅದು ಕೈಸೇರಿಲ್ಲ ಎಂಬುದು ರಾಜ್ಯದ ದೂರು. ಹೊಲಕ್ಕೆ ನೀರು ಬಾರದ ಪ್ರತಿ ವರ್ಷವೂ ಬೆಳೆ ನಷ್ಟ, ಆ ಬೆಳೆಯಿಂದ ಹುಟ್ಟಬೇಕಿದ್ದ ವ್ಯಾಪಾರ ನಷ್ಟ, ಆ ವ್ಯಾಪಾರದ ತೆರಿಗೆಯೂ ನಷ್ಟ.

ಈಗ ಗ್ಯಾರಂಟಿ. ಇದರ ಬಗ್ಗೆ ಎರಡು ಕಡೆಯವರೂ ಅರ್ಧವನ್ನಷ್ಟೇ ಹೇಳುತ್ತಾರೆ. ಹಣ ನೀರಿಗೆ ಹೋಯಿತು ಎಂಬುದು ತಪ್ಪು. ನಿಮ್ಮ ಪಕ್ಕದ ಕಿರಾಣಿ ಅಂಗಡಿಯೇ ಸಾಕ್ಷಿ. ಬಡ ಮನೆಯ ಹೆಂಗಸಿನ ಕೈಗೆ ಬಂದ ಎರಡು ಸಾವಿರ ರೂಪಾಯಿ ಬಹುಪಾಲು ಅದೇ ತಿಂಗಳು ಅದೇ ಊರಿನಲ್ಲಿ ಖರ್ಚಾಗುತ್ತದೆ: ಬೇಳೆ, ಎಣ್ಣೆ, ಔಷಧಿ, ಮಕ್ಕಳ ಶುಲ್ಕ, ಸಂಘದ ಕಂತು. ಉಚಿತ ಬಸ್ಸಿನಿಂದಾಗಿ ದೂರದ ಕೆಲಸಕ್ಕೆ ಹೋಗುವ ಧೈರ್ಯ ಬಂದ ಹೆಂಗಸರಿದ್ದಾರೆ. ಗಂಡನ ಮುಂದೆ ಕೈಚಾಚದೆ ಔಷಧಿ ಕೊಳ್ಳುವ ಸ್ವಾತಂತ್ರ್ಯವನ್ನು ಯಾವ ಆಯವ್ಯಯ ಪುಸ್ತಕವೂ ಲೆಕ್ಕ ಹಾಕುವುದಿಲ್ಲ. ಅದು ನನಗೆ ಬಹಳ ಮುಖ್ಯವಾದ ವಿಷಯ.

ಆದರೆ ಆ ಖರ್ಚು ತೆರಿಗೆಯಾಗಿ ತಾನೇ ವಾಪಸ್ ಬಂದು ಖಜಾನೆ ತುಂಬುತ್ತದೆ ಎಂಬ ವಾದವೂ ನಿಲ್ಲುವುದಿಲ್ಲ. ರಾಜ್ಯದ ಸ್ವಂತ ತೆರಿಗೆ 2025-26ರ ಅಂದಾಜಿನಲ್ಲಿ 2,08,100 ಕೋಟಿ, ಅಂದರೆ ರಾಜ್ಯದ ಉತ್ಪನ್ನದ ಶೇ 7ಕ್ಕೂ ಸ್ವಲ್ಪ ಕಡಿಮೆ. ನೂರು ರೂಪಾಯಿ ಖರ್ಚಿನಿಂದ ನೂರು ರೂಪಾಯಿಯ ಉತ್ಪನ್ನ ಹುಟ್ಟಿದರೂ ಖಜಾನೆಗೆ ಮರಳುವುದು ಏಳು ರೂಪಾಯಿ. ದೆಹಲಿಯ ರಾಷ್ಟ್ರೀಯ ಸಾರ್ವಜನಿಕ ಹಣಕಾಸು ಮತ್ತು ನೀತಿ ಸಂಸ್ಥೆಯ 2013ರ ಅಧ್ಯಯನವೊಂದು ಭಾರತದ ಮಟ್ಟದಲ್ಲಿ ಇದನ್ನು ಅಳೆದಿತ್ತು. ಸರ್ಕಾರ ಒಂದು ರೂಪಾಯಿಯನ್ನು ನೇರ ವರ್ಗಾವಣೆಯಾಗಿ ಕೊಟ್ಟರೆ ಉತ್ಪನ್ನ ಸುಮಾರು ಒಂದು ರೂಪಾಯಿ (0.98) ಏರುತ್ತದೆ, ಅದೇ ರೂಪಾಯಿಯನ್ನು ಬಂಡವಾಳ ವೆಚ್ಚಕ್ಕೆ (ರಸ್ತೆ, ಕಾಲುವೆಯಂಥ ಆಸ್ತಿ ಕಟ್ಟುವ ಖರ್ಚಿಗೆ) ಹಾಕಿದರೆ 2.45 ರೂಪಾಯಿ ಏರುತ್ತದೆ ಎಂದು ಅದು ಕಂಡುಕೊಂಡಿತು. ಸಂಖ್ಯೆಗಳು ಅಧ್ಯಯನದಿಂದ ಅಧ್ಯಯನಕ್ಕೆ ಬದಲಾಗುತ್ತವೆ. ಯಾವುದು ಹೆಚ್ಚು, ಯಾವುದು ಕಡಿಮೆ ಎಂಬ ಕ್ರಮ ಮಾತ್ರ ಬಹುತೇಕ ಹಾಗೆಯೇ ಉಳಿಯುತ್ತದೆ. ಕಾಲುವೆಯೋ ರಸ್ತೆಯೋ ಕಟ್ಟುವಾಗ ಕೂಲಿ ಕೊಡುತ್ತದೆ, ಕಟ್ಟಿದ ಮೇಲೆ ಹತ್ತಾರು ವರ್ಷ ದುಡಿಮೆಯನ್ನು ಹಗುರ ಮಾಡುತ್ತದೆ.

ಆದ್ದರಿಂದ ಗ್ಯಾರಂಟಿ ಒಳ್ಳೆಯದೋ ಕೆಟ್ಟದ್ದೋ ಎಂಬುದಕ್ಕಿಂತ, ಅದಕ್ಕೆ ಹಣ ಎಲ್ಲಿಂದ ಬರುತ್ತಿದೆ ಎಂದು ಕೇಳಿ. ಐದು ಗ್ಯಾರಂಟಿಗಳಿಗೆ 2025-26ರಲ್ಲಿ ಮೀಸಲಿಟ್ಟದ್ದು 51,034 ಕೋಟಿ. ಅದರಲ್ಲಿ ಗೃಹಲಕ್ಷ್ಮಿಯದೇ 28,608 ಕೋಟಿ. ಇದು ರಾಜ್ಯದ ಉತ್ಪನ್ನದ ಶೇ 1.7ರಷ್ಟು, ಆಯವ್ಯಯದ ಎಂಟನೇ ಒಂದು ಭಾಗ. ತೆರಿಗೆಯಿಂದ ಅಥವಾ ಬೇರೆ ಅನಗತ್ಯ ಖರ್ಚಿನ ಕಡಿತದಿಂದ ಬಂದರೆ ಇದು ಉಳ್ಳವರಿಂದ ಇಲ್ಲದವರಿಗೆ ಮಾಡಿದ ಹಂಚಿಕೆ. ಅದಕ್ಕೆ ನನ್ನ ಆಕ್ಷೇಪವಿಲ್ಲ. ಸಾಲದಿಂದ ಬಂದರೆ ಕತೆ ಬೇರೆ. ಆ ವರ್ಷ ರಾಜಸ್ವ ಜಮೆ 2,92,477 ಕೋಟಿ, ರಾಜಸ್ವ ವೆಚ್ಚ 3,11,739 ಕೋಟಿ. ನಡುವಿನ 19,262 ಕೋಟಿ ರಾಜಸ್ವ ಕೊರತೆ. ಹೊಸ ಸಾಲದ ಪ್ರತಿ ನೂರು ರೂಪಾಯಿಯಲ್ಲಿ 21 ರೂಪಾಯಿ ದಿನದ ಖರ್ಚಿಗೆ ಹೋಗುತ್ತಿದೆ ಎಂದರ್ಥ. ಉಳಿದದ್ದು 71,336 ಕೋಟಿಯ ಬಂಡವಾಳ ವೆಚ್ಚಕ್ಕೆ.

ದೇಶದಲ್ಲೇ ಮೊದಲು, 2002ರಲ್ಲಿ, ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿದ ರಾಜ್ಯ ನಮ್ಮದು. ಕೇಂದ್ರ ತನ್ನ ಕಾಯ್ದೆ ತಂದದ್ದು ಮರುವರ್ಷ. ರಾಜಸ್ವ ಕೊರತೆ ಇರಬಾರದು, ವಿತ್ತೀಯ ಕೊರತೆ ಶೇ 3 ದಾಟಬಾರದು, ಒಟ್ಟು ಹೊಣೆಗಾರಿಕೆ ಶೇ 25 ದಾಟಬಾರದು ಎಂಬ ಮೂರು ಗೆರೆಗಳನ್ನು ನಾವೇ ಎಳೆದುಕೊಂಡೆವು. 2004-05ರಿಂದ ಕೋವಿಡ್ ಬರುವವರೆಗೂ ರಾಜಸ್ವ ಹೆಚ್ಚುವರಿಯನ್ನು ಉಳಿಸಿಕೊಂಡೆವು, ಬೇರೆ ಬೇರೆ ಪಕ್ಷಗಳ ಸರ್ಕಾರಗಳು ಬಂದು ಹೋದರೂ. ಆ ಶಿಸ್ತಿನ ಬಗ್ಗೆ ನನಗೆ ಹೆಮ್ಮೆಯಿದೆ. ಇಂದು ಮೂರರಲ್ಲಿ ಮೊದಲ ಗೆರೆ ದಾಟಿದ್ದೇವೆ. ಉಳಿದೆರಡರ ಅಂಚಿನಲ್ಲಿ ನಿಂತಿದ್ದೇವೆ.

ಅಂಚಿನಲ್ಲಿ ನಿಲ್ಲುವುದರಲ್ಲಿ ಒಂದು ಅಪಾಯವಿದೆ, ಸ್ವಲ್ಪ ಲೆಕ್ಕ ಹಾಕಿದರೆ ಕಾಣುತ್ತದೆ. ಸಾಲ ಉತ್ಪನ್ನದ ಶೇ 25 ಇದೆ ಎಂದುಕೊಳ್ಳಿ. ಮುಂದಿನ ವರ್ಷ ಬೆಲೆ ಏರಿಕೆಯೂ ಸೇರಿ ಉತ್ಪನ್ನ ಶೇ 10 ಬೆಳೆದರೆ ಹಳೆಯ ಸಾಲದ ಪ್ರಮಾಣ ತಾನಾಗಿ ಶೇ 22.7ಕ್ಕೆ ಇಳಿಯುತ್ತದೆ. ಅದಕ್ಕೆ ಶೇ 3ರ ಹೊಸ ಕೊರತೆ ಸೇರಿಸಿದರೆ ಶೇ 25.7. ಗೆರೆ ದಾಟಿತು. ಶೇ 3ರ ಕೊರತೆ ಮಾಡುತ್ತಲೇ ಶೇ 25ರಲ್ಲಿ ನಿಲ್ಲಬೇಕಾದರೆ ಉತ್ಪನ್ನ ವರ್ಷಕ್ಕೆ ಶೇ 13.6ರಷ್ಟು ಬೆಳೆಯಬೇಕು. ಬೆಳವಣಿಗೆ ಶೇ 10 ಮಾತ್ರ ಇದ್ದರೆ ಕೊರತೆಯನ್ನು ಶೇ 2.3ಕ್ಕೆ ಇಳಿಸಬೇಕು. ಇಂದಿನ ಉತ್ಪನ್ನದ ಲೆಕ್ಕದಲ್ಲಿ ಅದು ಸುಮಾರು 20,000 ಕೋಟಿಯ ಕಡಿತ, ಹೆಚ್ಚುಕಡಿಮೆ ರಾಜಸ್ವ ಕೊರತೆಯಷ್ಟೇ ಮೊತ್ತ. ಮಳೆ ಕೈಕೊಟ್ಟ ವರ್ಷದಲ್ಲಿ ಈ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಆಗ ಸಂಬಳ, ಪಿಂಚಣಿ, ಬಡ್ಡಿಯನ್ನು ಮುಟ್ಟಲಾಗುವುದಿಲ್ಲ. ಗ್ಯಾರಂಟಿಯನ್ನು ಮುಟ್ಟುವ ಧೈರ್ಯ ಯಾರಿಗೂ ಇರುವುದಿಲ್ಲ. ಕತ್ತರಿ ಬೀಳುವುದು ಕಾಮಗಾರಿಗಳ ಮೇಲೆ. ಸಾಲದ ಜೊತೆ ಬೆಳವಣಿಗೆಯೂ ಓಡಬೇಕು, ಬೆಳವಣಿಗೆಗೆ ಬೇಕಾದ ಖರ್ಚೇ ಮೊದಲು ಕಡಿತವಾಗುತ್ತದೆ. ರಾಜ್ಯದ ಹಣಕಾಸಿನಲ್ಲಿ ನಾನು ಹೆದರುವುದು ಈ ಸುಳಿಗೆ.

ಹಾಗಾದರೆ ದಾರಿಗಳೇನು? ಎಲ್ಲ ಗ್ಯಾರಂಟಿ ನಿಲ್ಲಿಸುವುದು ನೀವು ಕೇಳಿದ ದಾರಿ. ಕೊರತೆ ತಕ್ಷಣ ಇಳಿಯುತ್ತದೆ, ಅಷ್ಟೇ ತಕ್ಷಣ ಸುಮಾರು ಐವತ್ತು ಸಾವಿರ ಕೋಟಿಯ ಕೊಳ್ಳುವ ಶಕ್ತಿ ಸಣ್ಣ ಊರುಗಳ ಪೇಟೆಯಿಂದ ಹೊರಹೋಗುತ್ತದೆ. ಕಿರಾಣಿಯವರ ಮನೆ ಕಟ್ಟುವ ಯೋಚನೆ ನಿಂತರೆ ನಿಮ್ಮ ಸಿಮೆಂಟೂ ನಿಲ್ಲುತ್ತದೆ. ನಾನಿದನ್ನು ಒಪ್ಪುವುದಿಲ್ಲ. ಅರ್ಹರಿಗೆ ಸೀಮಿತಗೊಳಿಸುವುದು ಉತ್ತಮ, ಆದರೆ ಅದೂ ಹೇಳಿದಷ್ಟು ಸುಲಭವಲ್ಲ. ಪಡಿತರ ಚೀಟಿಯನ್ನೇ ಆಧಾರ ಮಾಡಿದರೆ ಚೀಟಿ ಸಿಗದ ಬಡವರು ಹೊರಗುಳಿಯುತ್ತಾರೆ, ಚೀಟಿ ಹೊಂದಿಸಿಕೊಂಡ ಅನುಕೂಲಸ್ಥರು ಒಳಗೇ ಇರುತ್ತಾರೆ. ನಾನು ಮೊದಲು ಕೈಹಾಕುವುದು ಗೃಹಜ್ಯೋತಿಗೆ. ಇನ್ನೂರು ಯೂನಿಟ್‌ವರೆಗಿನ ಉಚಿತ ವಿದ್ಯುತ್ ಆದಾಯವನ್ನು ನೋಡುವುದೇ ಇಲ್ಲ. ಬೆಂಗಳೂರಿನ ಒಳ್ಳೆಯ ಸಂಬಳದ ದಂಪತಿಗೂ ಸಿಗುತ್ತದೆ. ಅಲ್ಲಿ ಮಿತಿಯನ್ನು ಇಳಿಸಿದರೆ ಬಡವರಿಗೆ ಏಟು ಬೀಳುವುದು ಕಡಿಮೆ.

ಎರಡನೆಯದು ಸ್ವಂತ ಆದಾಯ ಹೆಚ್ಚಿಸುವುದು. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯದ ಕೈಯಲ್ಲಿ ಉಳಿದ ತೆರಿಗೆಗಳು ಕೆಲವೇ: ಪೆಟ್ರೋಲ್ ಮತ್ತು ಡೀಸೆಲ್, ಮದ್ಯ, ಮುದ್ರಾಂಕ ಮತ್ತು ನೋಂದಣಿ, ವಾಹನ ತೆರಿಗೆ. ಜಿಎಸ್‌ಟಿ ನಷ್ಟ ಪರಿಹಾರ 2022ರ ಜೂನ್‌ಗೆ ಮುಗಿಯಿತು. ಅದಕ್ಕೇ 2024ರ ಜೂನ್‌ನಲ್ಲಿ ಇಂಧನದ ಮಾರಾಟ ತೆರಿಗೆ ಏರಿತು, 2025ರ ಆಗಸ್ಟ್ ಕೊನೆಯಿಂದ ಆಸ್ತಿ ನೋಂದಣಿ ಶುಲ್ಕ ಶೇ 1ರಿಂದ ಶೇ 2 ಆಯಿತು. ಡೀಸೆಲ್ ತೆರಿಗೆ ಲಾರಿ ಬಾಡಿಗೆಯ ಮೂಲಕ ನಿಮ್ಮ ಸಿಮೆಂಟ್ ಮೂಟೆಯ ಬೆಲೆಗೂ ಸೇರುತ್ತದೆ. ಅದರ ಭಾರ ಬಡವರಿಗೂ ತಟ್ಟುತ್ತದೆ. ನಗರಗಳ ಆಸ್ತಿ ತೆರಿಗೆಯನ್ನು ಸರಿಯಾಗಿ ವಸೂಲಿ ಮಾಡುವುದು ಇದಕ್ಕಿಂತ ನ್ಯಾಯವಾದ ದಾರಿ, ಆದರೆ ಅದಕ್ಕೆ ಬೇಕಾದ ರಾಜಕೀಯ ಗಟ್ಟಿತನ ಅಪರೂಪ.

ಕೇಂದ್ರದಿಂದ ಹೆಚ್ಚು ಪಾಲು ಕೇಳುವುದು ನ್ಯಾಯವೇ. ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ 14ನೇ ಹಣಕಾಸು ಆಯೋಗದಲ್ಲಿ ಶೇ 4.713 ಇದ್ದ ನಮ್ಮ ಪಾಲು 15ನೆಯದರಲ್ಲಿ ಶೇ 3.647ಕ್ಕೆ ಇಳಿಯಿತು. ಇದು ಸಣ್ಣ ನಷ್ಟವಲ್ಲ, ಸೆಸ್ ಮತ್ತು ಸರ್‌ಚಾರ್ಜ್ ಹಣವಂತೂ ಹಂಚಿಕೆಗೇ ಬರುವುದಿಲ್ಲ. ಆದರೂ ಅದು ನಮ್ಮ ಕೈಯಲ್ಲಿಲ್ಲದ ಹಣ. ಅದನ್ನು ನೆಚ್ಚಿ ಖರ್ಚು ಒಪ್ಪಿಕೊಳ್ಳಬಾರದು.

ನನ್ನ ಆಯ್ಕೆ ಇದು. ಗೃಹಲಕ್ಷ್ಮಿ ಮತ್ತು ಶಕ್ತಿಯನ್ನು ಉಳಿಸಬೇಕು, ಗೃಹಜ್ಯೋತಿಯನ್ನು ಕುಗ್ಗಿಸಬೇಕು, ಎರಡು ಮೂರು ವರ್ಷಗಳಲ್ಲಿ ರಾಜಸ್ವ ಕೊರತೆಯನ್ನು ಸೊನ್ನೆಗೆ ತರಬೇಕು. ಜೊತೆಗೆ, ಹಳೆಯ ಬಿಲ್ ತೀರುವವರೆಗೆ ಇಲಾಖೆಗಳು ಹೊಸ ಕಾಮಗಾರಿಗೆ ಅನುಮೋದನೆ ಕೊಡುವುದನ್ನು ತಡೆಯಬೇಕು. ಬಾಕಿ ಬಿಲ್‌ಗಳ ಒಟ್ಟು ಮೊತ್ತವನ್ನು ಆಯವ್ಯಯ ಪುಸ್ತಕದಲ್ಲೇ ಇಲಾಖಾವಾರು ಅಚ್ಚು ಹಾಕಬೇಕು. ಖರ್ಚಿಲ್ಲದ ಈ ಕೊನೆಯ ಸುಧಾರಣೆಗೆ ಆಗಬೇಕಾದಷ್ಟು ಒತ್ತಾಯ ಆಗುತ್ತಿಲ್ಲ. ಕೋವಿಡ್ ನಂತರ ಕೇಂದ್ರ ತನ್ನ ಕೊರತೆಯ ಗುರಿಯನ್ನು ಶೇ 4.4ಕ್ಕೆ ಇಳಿಸುತ್ತಲೇ ಬಂಡವಾಳ ವೆಚ್ಚವನ್ನು 2020-21ರ 4.26 ಲಕ್ಷ ಕೋಟಿಯಿಂದ 2025-26ರ ಬಜೆಟ್‌ನಲ್ಲಿ 11.21 ಲಕ್ಷ ಕೋಟಿಗೆ ಏರಿಸಿತು. ಕೊರತೆ ಇಳಿಸಬೇಕೆಂದರೆ ಕಾಮಗಾರಿ ನಿಲ್ಲಿಸಲೇಬೇಕು ಎಂಬ ನಿಯಮವೇನೂ ಇಲ್ಲ.

ಬೆಲೆ ಏರಿಕೆಯ ಬಗ್ಗೆ ನೀವು ನೇರವಾಗಿ ಕೇಳಿಲ್ಲ, ಆದರೆ ಅದೇ ಸಂದೇಶಗಳಲ್ಲಿ ಆ ಮಾತೂ ಇರುತ್ತದೆ. ರಾಜ್ಯ ನೋಟು ಮುದ್ರಿಸುವುದಿಲ್ಲ. ಹಣದುಬ್ಬರ ದೇಶದ ಮಟ್ಟದ ವಿಷಯ. ಗ್ಯಾರಂಟಿಗಳು ಜಾರಿಯಲ್ಲಿದ್ದ 2025ರ ಅಕ್ಟೋಬರ್‌ನಲ್ಲೇ ದೇಶದ ಚಿಲ್ಲರೆ ಹಣದುಬ್ಬರ ಶೇ 0.25ಕ್ಕೆ ಇಳಿದಿತ್ತು.

ಇನ್ನು ನಿಮ್ಮ ಹಣ. ರಾಷ್ಟ್ರೀಕೃತ ಬ್ಯಾಂಕಿನ ಠೇವಣಿಗೂ ರಾಜ್ಯದ ಸಾಲಕ್ಕೂ ಇರುವ ನಂಟು ಹೆದರುವಂಥದ್ದಲ್ಲ. ಜೊತೆಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆ ಇದೆ. ಸೌಹಾರ್ದ ಸಹಕಾರಿಯ ಠೇವಣಿಗೆ ಆ ವಿಮೆ ಇಲ್ಲ. ಸಹಕಾರಿ ಬ್ಯಾಂಕುಗಳಿಗೆ ಇದೆ, ಪತ್ತಿನ ಸಹಕಾರಿಗಳಿಗೆ ಇಲ್ಲ. ಅಲ್ಲಿ ಶೇ 1, 2 ಹೆಚ್ಚು ಬಡ್ಡಿ ಸಿಗುವುದು ಈ ಅಪಾಯಕ್ಕೆ ಪ್ರತಿಯಾಗಿ. ಅದರ ಲೆಕ್ಕಪರಿಶೋಧನಾ ವರದಿಯನ್ನು ಕೇಳಿ ನೋಡಿ. ಕೊಡಲು ಹಿಂಜರಿದರೆ ಅವಧಿ ಮುಗಿದ ಠೇವಣಿಯನ್ನು ನವೀಕರಿಸಬೇಡಿ.

ಉದ್ರಿ ಬಾಕಿಗೆ ಕಾನೂನಿನ ಆಸರೆ ಕಡಿಮೆ. ಸಣ್ಣ ಉದ್ಯಮಗಳಿಗೆ 45 ದಿನದಲ್ಲಿ ಹಣ ಕೊಡಬೇಕೆಂಬ 2006ರ ಕಾಯ್ದೆಯ ರಕ್ಷಣೆ ತಯಾರಕರಿಗೆ ಮತ್ತು ಸೇವೆ ಒದಗಿಸುವವರಿಗೆ ಸಿಗುತ್ತದೆ. 2021ರಿಂದ ವ್ಯಾಪಾರಿಗಳನ್ನೂ ಸಣ್ಣ ಉದ್ಯಮಗಳ ಪಟ್ಟಿಗೆ ಸೇರಿಸಿಕೊಂಡರೂ ಅದು ಆದ್ಯತಾ ವಲಯದ ಬ್ಯಾಂಕ್ ಸಾಲಕ್ಕೆ ಮಾತ್ರ. ಆದ್ದರಿಂದ ಗುತ್ತಿಗೆದಾರರಿಗೆ ಉದ್ರಿ ಕೊಡುವ ಮೊದಲು ಕಾಮಗಾರಿಯ ಲೆಕ್ಕಶೀರ್ಷಿಕೆ (ಹಣ ಬರುವ ಆಯವ್ಯಯದ ಬಾಬತ್ತು) ಯಾವುದು, ಈ ವರ್ಷ ಅದಕ್ಕೆ ಅನುದಾನ ಎಷ್ಟು, ಅದೇ ವಿಭಾಗದಲ್ಲಿ ಹಿಂದಿನ ಬಾಕಿ ಎಷ್ಟು ಎಂದು ಕೇಳಿ. ಒಳ್ಳೆಯ ಗುತ್ತಿಗೆದಾರರಿಗೆ ಇದು ಗೊತ್ತಿರುತ್ತದೆ. ಕೇಂದ್ರದ ಅನುದಾನವಿರುವ ಕಾಮಗಾರಿಯೂ ತಡವಾಗದು ಎಂದು ನಂಬಬೇಡಿ, ಅಲ್ಲೂ ರಾಜ್ಯದ ಪಾಲು ಕೂಡಿಬರಬೇಕು. ವ್ಯಕ್ತಿ ಎಷ್ಟೇ ನಂಬಿಕಸ್ಥರಾದರೂ ಒಬ್ಬರಿಗೆ ಕೊಡುವ ಉದ್ರಿಗೆ ಒಂದು ಗರಿಷ್ಠ ಮಿತಿ ಇಡಿ. ಅವರು ಪ್ರಾಮಾಣಿಕರಾಗಿದ್ದೂ ಕೊಡಲಾಗದ ಸ್ಥಿತಿಗೆ ಬರಬಹುದು.

ಮಗನ ಗೋದಾಮಿನ ವಿಷಯ. ಸಾಲ ಮಾಡಬೇಡಿ ಎಂದು ನಾನು ಹೇಳುವುದಿಲ್ಲ. 2025ರಲ್ಲಿ ರೆಪೊ ದರ ಶೇ 6.5ರಿಂದ ಇಳಿಯುತ್ತ ಬಂತು. ಆದರೆ ನಿಮಗೆ ಸಿಗುವುದು ಬದಲಾಗುವ ಬಡ್ಡಿದರದ ಸಾಲವಾದರೆ 2009ರಿಂದ 2011ರ ನಡುವೆ ಆದದ್ದನ್ನು ನೆನಪಿಡಿ; ಬಡ್ಡಿ ಶೇ 2 ಏರಿದರೂ ಕಂತು ಕಟ್ಟಲಾಗುತ್ತದೆಯೇ ಎಂದು ಲೆಕ್ಕ ಹಾಕಿ. ಸರ್ಕಾರಿ ಕಾಮಗಾರಿಯ ಮಾರಾಟವನ್ನು ಪೂರ್ತಿ ಬದಿಗಿಟ್ಟು, ಮನೆ ಕಟ್ಟುವವರು ಮತ್ತು ರೈತರು ನಗದಾಗಿ ಕೊಳ್ಳುವ ವ್ಯಾಪಾರವೊಂದರಿಂದಲೇ ಕಂತು ಹೊರಡುವುದಾದರೆ ಮುಂದುವರಿಯಿರಿ. ಗುತ್ತಿಗೆದಾರರ ಬಾಕಿ ಬಂದರೆ ಮಾತ್ರ ಕಂತು ಕಟ್ಟಬಹುದು ಎಂದಾದರೆ ಒಂದು ವರ್ಷ ಕಾಯಿರಿ. 2025-26ರ ನಂತರದ ಆಯವ್ಯಯದ ಸುದ್ದಿಯಲ್ಲಿ ರಾಜಸ್ವ ಕೊರತೆ 19,262 ಕೋಟಿಯಿಂದ ಇಳಿದಿದೆಯೇ, ಬಂಡವಾಳ ವೆಚ್ಚ 71,336 ಕೋಟಿಯಿಂದ ಏರಿದೆಯೇ ಎಂದು ನೋಡಿ. ಎರಡೂ ಸರಿಯಾದ ದಿಕ್ಕಿನಲ್ಲಿದ್ದರೆ ನಿಮ್ಮ ಬಾಕಿ ಬೇಗ ತೀರುವ ಸಾಧ್ಯತೆ ಹೆಚ್ಚು. ಎರಡೂ ತಪ್ಪು ದಿಕ್ಕಿನಲ್ಲಿದ್ದರೆ ಸರ್ಕಾರಿ ಕಾಮಗಾರಿಗೆ ಕೊಡುವ ಉದ್ರಿಯನ್ನು ಅರ್ಧಕ್ಕೆ ಇಳಿಸಿ, ಗೋದಾಮಿನ ಮಾತನ್ನು ಇನ್ನೊಂದು ವರ್ಷ ಮುಂದೂಡಿ.